ಕಥೆಯ ಬೆರಳು ಹಿಡಿದು

ಗುಜರಾತಿ ಭಾಷೆಗೆ ಒಂದು ಶತಮಾನಕ್ಕೂ ಹಿಂದೆ ಹೆಸರಾಂತ ವ್ಯಾಕರಣವೊಂದನ್ನು ಬರೆದುಕೊಟ್ಟವರು ನಮ್ಮ ಬಳ್ಳಾರಿಯಲ್ಲಿ ಹುಟ್ಟಿದವರು ಎಂದರೆ ವಾಚಕರಲ್ಲಿ ಹಲವರು ಹುಬ್ಬೇರಿಸಬಹುದು. ಆದರೆ ಸಂಗತಿ ನಿಜ. ಜೋಸೆಫ್ ವಾನ್ ಸೊಮೆರೆನ್ ಟೇಲರ್ ಎಂಬುವರು 1820ರಲ್ಲಿ ಬಳ್ಳಾರಿಯಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಅದೇ ವರುಷ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಕಾರ್ಯಕ್ಕೆ ತಳಹದಿ ಹಾಕಿದವರು. ಕನ್ನಡ ನಾಡಿನಲ್ಲಿ ಕಣ್ತೆರೆದ ಮಗ ಮುಂದೆ ಬಡೋದೆಯ ಕಡೆಗೂ ಮಹೀ ನದಿಯ ಸೀಮೆಗೂ ಬಂದು, ಗುಜರಾತಿಯನ್ನೇ ತಮ್ಮ ಮಾತಾಗಿ ಮಾಡಿಕೊಂಡರು. 1867ರಲ್ಲಿ ಅವರ ವ್ಯಾಕರಣ ಬಂತು. ಅದಕ್ಕಿಂತ ಮುಂಚೆಯೇ ಅವರು ಬೈಬಲ್ಲಿನ ಗುಜರಾತಿ ಅನುವಾದದಲ್ಲಿ ಕೈಯಾಡಿಸಿದ್ದರು. 'ಕಾವ್ಯಾರ್ಪಣ'ವೆಂಬ ಭಕ್ತಿಗೀತಗಳ ಪುಸ್ತಕವನ್ನೂ ಕೂಡಿಸಿದ್ದರು. ಸುಮಾರಾಗಿ ಅದೇ ಕಾಲಕ್ಕೆ, 1862ರಲ್ಲಿ, ಅತ್ತ ನಮ್ಮ ನಾಡಿನಲ್ಲಿ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ'ಯೆಂದು ಕನ್ನಡ ಪದ್ಯದಲ್ಲಿ ಹೇಳಿದರು. ಇಬ್ಬರೂ ಪರದೇಶದವರ ಮಕ್ಕಳು, ಇಬ್ಬರೂ ಜನರ ಬಾಯಲ್ಲಿದ್ದ ಮಾತನ್ನು ಹಿಡಿದರು.

ಈ ಕೆಲಸಕ್ಕೆ ಗುಜರಾತಿನಲ್ಲಿ ಮೊದಲ ನೆಲೆ ಸೂರತ್ತು. 1815ರಲ್ಲಿ ಲಂಡನ್ ಮಿಷನ್ನಿನ ಸ್ಕಿನ್ನರ್, ಫೈವಿ ಎಂಬಿಬ್ಬರು ತಾಪೀ ತೀರದ ಆ ವ್ಯಾಪಾರದ ಊರಿಗೆ ಬಂದು, ಅಚ್ಚುಕೂಟವಿಟ್ಟು, ಬೈಬಲ್ಲನ್ನು ಗುಜರಾತಿಗೆ ತಂದರು. ಜರಿಯೂ ರೇಷಿಮೆಯೂ ಮಾರಾಟವಾಗುವ ಊರಿನಲ್ಲಿ ಕಥೆಯನ್ನು ಕೊಳ್ಳುವವರು ಎಷ್ಟು ಮಂದಿ ಇದ್ದರೋ! ಆದರೆ ಕಥೆಗೆ ಈ ನಾಡಿನಲ್ಲಿ ಬರವಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಬಡೋದೆಯ ಪ್ರೇಮಾನಂದ ಭಟ್ಟರು ಹದಿನೇಳನೆಯ ಶತಮಾನದಲ್ಲೇ ನಳ, ಸುದಾಮ, ನರಸಿಂಹ ಮೆಹ್ತಾ ಇವರ ಆಖ್ಯಾನಗಳನ್ನು ಹಾಡಿ ಜನರ ಕಣ್ಣು ಒದ್ದೆಮಾಡಿದ್ದರು. ಬೆರಳುಗಳಿಗೆ ಉಂಗುರ ತೊಟ್ಟು, ತಾಮ್ರದ ಕೊಡದ ಮೇಲೆ ತಾಳ ಹಾಕುತ್ತ ಕಥೆ ಹೇಳುವ ಮಾಣಭಟ್ಟರ ಪರಂಪರೆ ಅದು. ನಮ್ಮ ಹರಿಕಥೆ, ಗಮಕಗಳನ್ನು ಕೇಳಿ ಬೆಳೆದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಷ್ಟ ಬಂದವನು ಉಪದೇಶವನ್ನು ಕೇಳಲಾರ, ಕಥೆಯನ್ನಾದರೆ ಕೇಳಿಯಾನು. ಯೇಸು ಸ್ವಾಮಿಯೂ ಮನೆ ಬಿಟ್ಟು ಹೋದ ಮಗನ ಕಥೆ, ದಾರಿಯಲ್ಲಿ ಗಾಯಗೊಂಡು ಬಿದ್ದವನ ಕಥೆ ಇವನ್ನೇ ಅಲ್ಲವೆ ಹೇಳಿದ್ದು?

ಕಥೆಯನ್ನೂ ಶ್ರದ್ಧೆಯನ್ನೂ ಒಂದೇ ಕೈಚೀಲದಲ್ಲಿ ಹೊತ್ತು ಅಹಮದಾಬಾದಿನ ಮನೆಮನೆಗೆ ಹೋದವರೆಂದರೆ ಫಾದರ್ ವಾಲೇಸ್. ಅವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವ ಆಸೆ ನಮಗೆ.

ಕಾರ್ಲೋಸ್ ಗೊನ್ಸಾಲೆಸ್ ವಾಲೇಸ್ 1925ರಲ್ಲಿ ಸ್ಪೇನ್ ದೇಶದ ಲೊಗ್ರೋನ್ಯೊ ಎಂಬ ಊರಿನಲ್ಲಿ ಹುಟ್ಟಿದರು. ಹತ್ತು ವರುಷದ ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಮರುವರುಷವೇ, 1936ರಲ್ಲಿ, ದೇಶದೊಳಗೆ ಅಂತರ್ಯುದ್ಧ ಹೊತ್ತಿಕೊಂಡು, ಇದ್ದ ಮನೆಮಾರು ಕೈಬಿಟ್ಟುಹೋಯಿತು. ವಿಧವೆ ತಾಯಿ, ಚಿಕ್ಕ ಮಕ್ಕಳು. ಅಂಥ ಸ್ಥಿತಿಯಿಂದ ಬಂದ ಹುಡುಗ ಹದಿನೈದನೆಯ ವಯಸ್ಸಿಗೇ ಜೆಸುಯಿಟ್ ಸಂಘವನ್ನು ಸೇರಿ, 1949ರಲ್ಲಿ ಭಾರತಕ್ಕೆ ಬಂದರು. ಮದರಾಸಿನಲ್ಲಿ ಗಣಿತದ ಎಂ.ಎ. ಮಾಡಿದರು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಪಾಠ ಹೇಳಿ ಕಾಲ ಕಳೆಯಬಹುದಾಗಿತ್ತು. ಆದರೆ ವಿದ್ಯಾರ್ಥಿಗಳು ಮನೆಯಲ್ಲಿ ಆಡುವ ಮಾತು, ಕನಸು ಕಾಣುವ ಮಾತು ಗುಜರಾತಿ. ಅದನ್ನು ಬಿಟ್ಟು ಅವರ ಮನಸ್ಸಿಗೆ ಬಾಗಿಲೆಲ್ಲಿ? ವಲ್ಲಭ ವಿದ್ಯಾನಗರದಲ್ಲಿ ಭಾಷೆ ಕಲಿತರು. ಪುಣೆಯಲ್ಲಿ ದೇವಶಾಸ್ತ್ರ ಓದುತ್ತಿದ್ದಾಗಲೂ ದಿನಾ ಗುಜರಾತಿಯಲ್ಲಿ ಬರೆಯುವುದನ್ನು ಬಿಡಲಿಲ್ಲ. 1960ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು.

ಅದೇ ವರುಷ ಅವರ ಮೊದಲ ಪುಸ್ತಕ 'ಸದಾಚಾರ' ಹೊರಬಿತ್ತು. ಪರದೇಶಿ ಪಾದ್ರಿಯ ಗುಜರಾತಿಯನ್ನು ಅಚ್ಚುಹಾಕಲು ಯಾವ ಪ್ರಕಾಶಕರೂ ಮುಂದೆ ಬರಲಿಲ್ಲವಾದ್ದರಿಂದ ಹಣ ಕೊಟ್ಟವರು ದೂರದ ಸ್ಪೇನಿನಲ್ಲಿದ್ದ ತಾಯಿ. ಮಗ ಬರೆದದ್ದರ ಒಂದಕ್ಷರವೂ ಅರ್ಥವಾಗದ ಆ ತಾಯಿಯ ದುಡ್ಡಿನಿಂದ ಗುಜರಾತಿಗೆ ಒಬ್ಬ ಒಳ್ಳೆಯ ಲೇಖಕ ದೊರೆತನು! ಮುಂದೆ 'ಕುಮಾರ್' ಮಾಸಪತ್ರಿಕೆಯಲ್ಲಿ ಬರೆದರು. 1966ರಲ್ಲಿ ಕುಮಾರ್ ಪದಕ ಬಂತು. 'ಗುಜರಾತ್ ಸಮಾಚಾರ'ದಲ್ಲಿ ಹೊಸ ಪೀಳಿಗೆಗೆಂದು ಅವರು ಬರೆಯುತ್ತಿದ್ದ ಅಂಕಣವನ್ನು ಹಿರಿಯರೂ ಓದುತ್ತಿದ್ದರು. ಬರವಣಿಗೆಯ ಧಾಟಿ ಬಹಳ ಸರಳ: ಚಿಕ್ಕದೊಂದು ಪ್ರಸಂಗ, ಅದರ ಹಿಂದೆ ಒಂದು ಯೋಚನೆ, ಅಷ್ಟೆ. ಮತಾಂತರದ ಮಾತಿಲ್ಲ. ಪರೀಕ್ಷೆಯಲ್ಲಿ ಸೋತ ಹುಡುಗ, ಮದುವೆಯ ಚಿಂತೆಯ ಹುಡುಗಿ, ಮಗನೊಡನೆ ಮಾತು ಬಿಟ್ಟ ತಂದೆ, ಇಂಥವರೇ ಅವರ ಓದುಗರು. ಹಿಂದೂ, ಜೈನ ಮನೆಗಳಲ್ಲಿ ಅವರ ಪುಸ್ತಕಗಳು ಸಲೀಸಾಗಿ ಬಂದು ಕುಳಿತವು.

1973ರ ಸುಮಾರಿಗೆ ಅವರಿಗೆ ಇದೂ ಸಾಲದೆನಿಸಿತು. ಮಠದ ಕೋಣೆ ಬಿಟ್ಟು, ಹಳೆಯ ಊರಿನ ಪೋಳ್‌ಗಳಲ್ಲಿ, ಎಂದರೆ ಒಂದೇ ಹೆಬ್ಬಾಗಿಲಿನೊಳಗೆ ನೂರಾರು ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವ ಆ ಓಣಿಗಳಲ್ಲಿ, ಬಾಗಿಲು ತಟ್ಟಿ, 'ಕೆಲವು ದಿನ ನಿಮ್ಮ ಮನೆಯಲ್ಲಿ ಇರಲೇ?' ಎಂದು ಕೇಳಿದರು. ಮನೆಯವರು ಉಂಡದ್ದನ್ನೇ ಉಣ್ಣುವುದು, ಅವರು ಹಾಸಿದಲ್ಲೇ ಮಲಗುವುದು, ಬೆಳಗ್ಗೆ ಸೈಕಲ್ ಹತ್ತಿ ಕಾಲೇಜಿಗೆ ಹೋಗಿ ಗಣಿತ ಹೇಳುವುದು. ಕೆಲವು ದಿನ ಕಳೆದ ಮೇಲೆ ಇನ್ನೊಂದು ಮನೆ. ಇದು ಹತ್ತು ವರುಷ ನಡೆಯಿತು. ನಮ್ಮ ದಾಸರ ಮಧುಕರ ವೃತ್ತಿಯ ನೆನಪಾಗುತ್ತದೆ. ಭಿಕ್ಷೆ ಬೇಡುವುದು ಸುಲಭ. ಇನ್ನೊಬ್ಬರ ಸಂಸಾರದ ನಡುವೆ ಹೊರೆಯಾಗದೆ ಬಾಳುವುದು ಅದಕ್ಕಿಂತ ಕಠಿಣವೆಂದು ನಮ್ಮ ಎಣಿಕೆ.

1978ರಲ್ಲಿ ಗುಜರಾತಿ ಸಾಹಿತ್ಯದ ದೊಡ್ಡ ಗೌರವವಾದ ರಣಜಿತರಾಮ್ ಸುವರ್ಣ ಚಂದ್ರಕ ಅವರಿಗೆ ಸಂದಿತು. ಜನ ಅವರನ್ನು 'ಸವಾಯಾ ಗುಜರಾತಿ' ಎಂದರು. ಒಂದೂಕಾಲು ಗುಜರಾತಿ ಎಂದರ್ಥ. ಈ ಬಿರುದು ಮೊದಲು ಸಂದದ್ದು ಕಾಕಾ ಕಾಲೇಲ್ಕರರಿಗೆ. ಅವರ ಬಾಲ್ಯ ಕಾರವಾರ, ಬೆಳಗಾವಿಗಳಲ್ಲಿ ಕಳೆದುದೆಂದು ನೆನೆದರೆ ನಮಗೂ ಈ ಬಿರುದಿನಲ್ಲಿ ಒಂದಿಷ್ಟು ಪಾಲುಂಟು. ವೃದ್ಧ ತಾಯಿಯ ಸೇವೆಗಾಗಿ ಮ್ಯಾಡ್ರಿಡ್ಡಿಗೆ ಮರಳಿದ ಫಾದರ್ ವಾಲೇಸ್, 2020ರ ನವಂಬರಿನಲ್ಲಿ ಅಲ್ಲಿಯೇ ನಿಧನರಾದರು. ಮರುವರುಷ ಪದ್ಮಶ್ರೀ ಬಂತು.

ಆದರೆ ಕಥೆಯೆಲ್ಲ ಸಾಂತ್ವನವೇ ಅಲ್ಲ. ಅಹಮದಾಬಾದಿನಿಂದ ಬಡೋದೆಗೆ ರೈಲಿನಲ್ಲಿ ಹೋಗುವಾಗ ನಡುವೆ ಆಣಂದ್ ಬರುತ್ತದೆ. ಹಾಲಿನಿಂದ ಹೆಸರಾದ ಊರು. ಆ ಸೀಮೆಯ ಹಳ್ಳಿಗಳಲ್ಲಿ ಬೆಳೆದು, ಮಾಸ್ತರಿಕೆ ಮಾಡಿದ ಜೋಸೆಫ್ ಮೇಕ್ವಾನ್ (1935-2010) ನೇಯ್ಗೆಯ ವಣಕರ್ ಜನರ ನೋವನ್ನು ಬರೆದರು. 1985ರಲ್ಲಿ 'ವ್ಯಥಾನಾಂ ವೀತಕ್' ಎಂಬ ವ್ಯಕ್ತಿಚಿತ್ರಗಳು, ಮರುವರುಷ 'ಆಂಗಳಿಯಾತ್' ಕಾದಂಬರಿ; 1989ರಲ್ಲಿ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ. ಮರುಮದುವೆಯಾದ ತಾಯಿಯ ಬೆರಳು ಹಿಡಿದು ಹೊಸ ಮನೆಗೆ ಬರುವ ಮಗುವಿಗೆ ಅಲ್ಲಿ 'ಆಂಗಳಿಯಾತ್' ಎನ್ನುತ್ತಾರೆ. ಮನೆಯೊಳಗಿದ್ದೂ ಮನೆಯದಲ್ಲದ ಮಗು. ಊರಿನೊಳಗಿದ್ದೂ ಊರಿನವರಲ್ಲದ ಜನಕ್ಕೆ ಇದಕ್ಕಿಂತ ತಕ್ಕ ಹೆಸರು ಬೇರೆ ಯಾವುದು?

ಮೇಕ್ವಾನ್ ಕ್ರೈಸ್ತರು. ಇಗರ್ಜಿಯೊಳಗೆ ಎಲ್ಲರೂ ದೇವರ ಮಕ್ಕಳೆಂದು ಕೇಳಿದವರು. ಹೊರಗೆ ಬಂದರೆ ಹಳೆಯ ಜಾತಿ ಕಾದು ನಿಂತಿರುತ್ತಿತ್ತು. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯ ಸೌಲಭ್ಯ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರೆಯಿತು, ದಲಿತ ಕ್ರೈಸ್ತರಿಗೆ ದೊರೆತಿಲ್ಲ. ಅಂಥವರ ಪಾಲಿಗೆ ಭರವಸೆಯೆಂಬುದು ಕಣ್ಣೊರೆಸುವ ಮಾತಲ್ಲ. ತಮ್ಮವರ ಹೆಸರು, ತಮ್ಮವರ ಬೈಗುಳ, ತಮ್ಮವರ ಧೈರ್ಯ ಅಚ್ಚಿನಲ್ಲಿ ಬಂದು, ಅದನ್ನು ಮೇಲಿನ ಕೇರಿಯವರೂ ಓದುವಂತಾದದ್ದು, ಅದೇ ಭರವಸೆ. ವಾಲೇಸರ ಬರಹ ಗಾಯಕ್ಕೆ ಎಣ್ಣೆ ಹಚ್ಚಿತು. ಮೇಕ್ವಾನರ ಬರಹ ಗಾಯ ಎಲ್ಲಿದೆಯೆಂದು ತೋರಿಸಿತು. ಎರಡರಲ್ಲಿ ನಮಗೆ ಎರಡನೆಯದೇ ಹೆಚ್ಚು ಕಷ್ಟದ ಕೆಲಸವೆನಿಸುತ್ತದೆ.

ಹೋಟೆಲು, ಬ್ಯಾಂಕು, ಕಾರಖಾನೆ ಎಂದು ಈ ಮೂರು ಊರುಗಳಿಗೆ ಬಂದ ನಮ್ಮವರಲ್ಲಿ ಹಿರಿಯರು ಗುಜರಾತಿಯನ್ನು ಆಡಬಲ್ಲರು, ಓದುವವರು ಕಡಮೆ. ಮಕ್ಕಳು ಶಾಲೆಯಲ್ಲಿ ಆ ಲಿಪಿಯನ್ನು ಕಲಿಯುತ್ತಾರೆ. ಅಹಮದಾಬಾದಿನ ಗಾಂಧಿ ರೋಡಿನ ಕಡೆಗೆ ಹೋದಾಗ ವಾಲೇಸರದೊಂದು, ಮೇಕ್ವಾನರದೊಂದು ಪುಸ್ತಕವನ್ನು ವಿಚಾರಿಸಿ ತನ್ನಿರಿ. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಒಂದೊಂದೇ ಪುಟ ಓದುತ್ತ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಮಾತು ತಡವರಿಸಿದಲ್ಲಿ ಅಜ್ಜಿಯೇ ತಿದ್ದಿಯಾರು.