ಅರಿಕುಠಾರದಿಂದ ಪುಣಜನೂರಿನವರೆಗೆ

ಮೈಸೂರಿನಿಂದ ಹೊರಟ ರೈಲು ನಂಜನಗೂಡು ದಾಟಿ ಚಾಮರಾಜನಗರಕ್ಕೆ ಬಂದು ನಿಲ್ಲುತ್ತದೆ. ಕರ್ನಾಟಕದ ದಕ್ಷಿಣ ತುದಿಯ ರೈಲು ನಿಲ್ದಾಣ ಇದು. ಮುಂದೆ ಹಳಿ ಇಲ್ಲ. ಸತ್ಯಮಂಗಲದತ್ತ ಹಳಿ ಹಾಕಬೇಕೆಂಬ ಮಾತು ದಶಕಗಳಿಂದ ಕೇಳಿಬರುತ್ತಿದ್ದರೂ ನಡುವೆ ಆನೆ, ಹುಲಿಗಳ ಕಾಡು ಇರುವುದರಿಂದ ಅದು ಮಾತಾಗಿಯೇ ಉಳಿದಿದೆ. ರಸ್ತೆ ಮಾತ್ರ ಮುಂದಕ್ಕೆ ಸಾಗುತ್ತದೆ. ಸುವರ್ಣಾವತಿ ಜಲಾಶಯದ ಕಡೆಯಿಂದ ಹಾದು, ಪುಣಜನೂರು ಚೆಕ್‌ಪೋಸ್ಟ್ ದಾಟಿ, ತಮಿಳುನಾಡಿನ ಹಾಸನೂರು ಹಿಡಿದು, ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲ, ಕೊಯಮತ್ತೂರು ಸೇರುತ್ತದೆ.

ಈ ದಾರಿಯಲ್ಲಿ ಓಡಾಡುವ ಹೆಚ್ಚಿನವರಿಗೆ ಚಾಮರಾಜನಗರವೆಂದರೆ ಟೀ ಕುಡಿಯಲು ಐದು ನಿಮಿಷ ನಿಲ್ಲುವ ಜಾಗ. ಗಡಿಯ ಊರು, ಹಿಂದುಳಿದ ಜಿಲ್ಲೆ, ಬಂದ ಮುಖ್ಯಮಂತ್ರಿಗಳು ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ: ಹೊರಗಿನವರಿಗೆ ತಿಳಿದದ್ದು ಇಷ್ಟೇ. ಆ ನಂಬಿಕೆಯೂ ಈಗ ಉಳಿದಿಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಇಲ್ಲಿಗೆ ಬಂದರು, ಐದು ವರ್ಷದ ಅವಧಿಯನ್ನೂ ಪೂರೈಸಿದರು. ಗಡಿಯೆಂದು ನಾವು ಕರೆಯುವ ಈ ಊರು ನಿಜವಾಗಿ ಹೆಬ್ಬಾಗಿಲು. ಬಯಲಿನ ರಾಗಿ, ಅರಿಸಿನ, ಕಾಡಿನ ಜೇನು, ಕಾಫಿ, ಕನ್ನಡ, ತಮಿಳು, ಸೋಲಿಗ ಬುಡಕಟ್ಟಿನ ನುಡಿ ಎಲ್ಲವೂ ಒಂದನ್ನೊಂದು ಕಾಣುವುದು ಇಲ್ಲೇ. ಒಂದು ಇಡೀ ದಿನ ಕೊಟ್ಟು ನೋಡಬೇಕಾದ ಊರು ಇದು.

ಗೊಂಬೆ ಬಿಟ್ಟು ಕಠಾರಿ ಹಿಡಿದ ಮಗು

ಊರಿನ ಹಳೆಯ ಹೆಸರು ಅರಿಕುಠಾರ. ಮೈಸೂರು ಅರಮನೆಗೆ ನೆಂಟಸ್ತನವಿದ್ದ ಅರಸು ಮನೆತನವೊಂದು ಇಲ್ಲಿತ್ತು. 1776ರಲ್ಲಿ ಮೈಸೂರಿನ ಗಾದಿ ತೆರವಾದಾಗ ಹೈದರ್ ಅಲಿ ಹೊಸ ಅರಸನನ್ನು ಆರಿಸಿದ ಬಗೆಯನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಅರಸು ಕುಲದ ಮಕ್ಕಳನ್ನೆಲ್ಲ ಒಂದು ಅಂಗಳದಲ್ಲಿ ಸೇರಿಸಿ, ಅವರ ಮುಂದೆ ಆಟದ ಸಾಮಾನು, ತಿಂಡಿ, ಹಣ್ಣು, ಆಯುಧಗಳನ್ನು ಹರಡಿದರಂತೆ. ಉಳಿದ ಮಕ್ಕಳು ತಿಂಡಿಗೆ, ಗೊಂಬೆಗೆ ಮುಗಿಬಿದ್ದರೆ ಒಂದು ಮಗು ಥಳಥಳಿಸುವ ಪುಟ್ಟ ಕಠಾರಿಯನ್ನು ಬಲಗೈಯಲ್ಲೂ ನಿಂಬೆಹಣ್ಣನ್ನು ಎಡಗೈಯಲ್ಲೂ ಹಿಡಿದುಕೊಂಡಿತು. ಇವನೇ ರಾಜ ಎಂದ ಹೈದರ್. ಆ ಮಗುವೇ 1774ರಲ್ಲಿ ಹುಟ್ಟಿದ ಖಾಸಾ ಚಾಮರಾಜ ಒಡೆಯರು.

ಹೆಸರಿಗೆ ಇಪ್ಪತ್ತು ವರ್ಷ ಅರಸರಾಗಿದ್ದ ಅವರು 1796ರಲ್ಲಿ ಸಿಡುಬಿನಿಂದ ತೀರಿಕೊಂಡರು. ಮಗನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಆ ಮಗನೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು. ಮುಖದ ನೆನಪೂ ಉಳಿದಿರದ ತಂದೆಗಾಗಿ ಅವರು 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಎದ್ದಿತು. ದೇವಾಲಯದಲ್ಲಿ ಶಿವನಿಗೆ ತಂದೆಯ ಹೆಸರು, ಅಮ್ಮನವರಿಗೆ ಕೆಂಪನಂಜಾಂಬ ಎಂಬ ತಾಯಿಯ ಹೆಸರು. ಅರಮನೆ, ಕೋಟೆಗಳಿಂದ ಹೆಸರು ಪಡೆದ ಊರುಗಳು ನಮ್ಮಲ್ಲಿ ಬಹಳ ಇವೆ. ಮಗನೊಬ್ಬ ಹೆತ್ತವರಿಗೆ ಸಲ್ಲಿಸಿದ ಋಣದಂತೆ ನಿಂತಿರುವ ಊರು ಅಪರೂಪ. ಒಳಗೆ ಸಾಲುಸಾಲು ಲಿಂಗಗಳು, ಪುರಾತನರ ವಿಗ್ರಹಗಳಿವೆ. ಅವುಗಳ ನಡುವೆ ನಿಂತವರಿಗೆ ನಂಜನಗೂಡಿನ ಶ್ರೀಕಂಠೇಶ್ವರ ಗುಡಿ ನೆನಪಾಗದೆ ಇರದು.

ಆಷಾಢದಲ್ಲಿ ಜೋಡಿಗಳ ಜಾತ್ರೆ

ಆಷಾಢದಲ್ಲಿ ಶುಭ ಕಾರ್ಯವಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ತವರಿಗೆ ಹೋಗುವ ತಿಂಗಳು ಅದು. ತೇರು ಎಳೆಯುವ ಊರುಗಳೂ ಸಾಮಾನ್ಯವಾಗಿ ಆಷಾಢವನ್ನು ಬಿಡುತ್ತವೆ. ಚಾಮರಾಜೇಶ್ವರನ ತೇರು ಎಳೆಯುವುದು ಇದೇ ಆಷಾಢದ ಹುಣ್ಣಿಮೆಯ ಹೊತ್ತಿಗೆ. ಆಷಾಢಕ್ಕೆಂದು ಬೇರೆ ಬೇರೆ ಇದ್ದ ನವದಂಪತಿಗಳು ಅಂದು ಇಲ್ಲಿ ಕೂಡಿ, ತೇರಿಗೆ ಹಣ್ಣು-ಜವನ ಎಸೆದು ಕೈಮುಗಿಯುತ್ತಾರೆ. ಹೊಸ ಸೀರೆ, ಹೊಸ ಪಂಚೆಗಳ ಈ ಗುಂಪು ನೋಡಲೆಂದೇ ಸುತ್ತಲಿನ ಊರುಗಳ ಜನ ಸೇರುತ್ತಾರೆ.

2017ರಲ್ಲಿ ಕಿಡಿಗೇಡಿತನದಿಂದ ಹಳೆಯ ತೇರಿಗೆ ಬೆಂಕಿ ಬಿತ್ತು. ಅಲ್ಲಿಂದ ಐದು ವರ್ಷ ಆಷಾಢ ಬಂದರೂ ತೇರು ಬರಲಿಲ್ಲ. ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಬೀದಿಗಿಳಿದಾಗ ಊರಿಗೆ ಊರೇ ಹಗ್ಗ ಹಿಡಿಯಿತು.

ಬಿತ್ತನೆ ಬೀಜ ಕೊಟ್ಟ ದಂಡನಾಯಕ

ಒಡೆಯರಿಗಿಂತ ಏಳು ಶತಮಾನ ಹಿಂದಿನ ಚರಿತ್ರೆಯೂ ಇದೇ ಊರಿನಲ್ಲಿದೆ. ಇಲ್ಲಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. 1117ರ ಅವನ ಶಾಸನ ನೀಲಗಿರಿಯ ದಂಡಯಾತ್ರೆಯನ್ನು ಹೇಳುತ್ತದೆ. ಅಲ್ಲಿನ ತೋಡ ಬುಡಕಟ್ಟನ್ನು ಹೆಸರಿಸುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅಂದರೆ ದಕ್ಷಿಣದ ಬೆಟ್ಟಗಳಿಗೆ ದಾರಿ ಆಗಲೂ ಈ ಕಡೆಯಿಂದಲೇ ಇತ್ತು.

ಯುದ್ಧದ ಮಾತಿಗಿಂತ ಮನಸ್ಸಿಗೆ ತಟ್ಟುವುದು ಆ ಶಾಸನದ ಇನ್ನೊಂದು ಭಾಗ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡ ಬೇಡ ನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಮತ್ತೆ ಕೊಟ್ಟು ಪುಣಿಸ ಪೊರೆದನೆಂದು ಅದು ನೆನೆಯುತ್ತದೆ. ವ್ಯಾಪಾರ, ಬೇಸಾಯ, ಕಾಡು: ಒಂಬತ್ತು ನೂರು ವರ್ಷಗಳ ಹಿಂದೆಯೂ ಈ ನಾಡಿನ ಮೂರು ಆಸರೆಗಳು ಇವೇ ಆಗಿದ್ದವು. ಇದೇ ತಾಲ್ಲೂಕಿನ ಹೊಂಡರಬಾಳುವಿನಲ್ಲಿ ರೈತ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಟ್ಟಿದ ಅಮೃತಭೂಮಿ ಇಂದು ದೇಸಿ ಬೀಜಗಳನ್ನು ಉಳಿಸಿ ರೈತರಿಗೆ ಸಹಜ ಕೃಷಿ ಕಲಿಸುತ್ತಿದೆ. ಬಿತ್ತನೆ ಬೀಜ ರೈತನ ಕೈ ತಪ್ಪಬಾರದು ಎಂಬ ಕಾಳಜಿ ಈ ಮಣ್ಣಿಗೆ ಹಳೆಯದು.

ಮುದ್ದೆ, ಉಪ್ಸಾರು, ತಟ್ಟೆಯಂಚಿನ ಖಾರ

ಊಟಕ್ಕೆ ಇಲ್ಲಿ ದೊಡ್ಡ ಹೋಟೆಲು ಹುಡುಕಬೇಕಿಲ್ಲ. ಮುದ್ದೆ ಸಿಗುವ ಮೆಸ್ಸು ಸಾಕು. ಅಂದು ಉಪ್ಸಾರು ಮಾಡಿದ್ದರೆ ನಿಮ್ಮ ಅದೃಷ್ಟ. ಕಾಳು ಅಥವಾ ಬೇಳೆಯ ಜತೆ ಸೊಪ್ಪು ಬೇಯಿಸಿ, ಉಪ್ಪು ಹಾಕಿ, ಕಟ್ಟನ್ನು ಬಸಿದುಕೊಳ್ಳುತ್ತಾರೆ. ಸಾರೆಂದರೆ ಅಷ್ಟೇ, ಮಸಾಲೆಯಿಲ್ಲ, ತೆಳ್ಳಗೆ. ರುಚಿಯೆಲ್ಲ ಇರುವುದು ಬೇರೆಯಾಗಿ ರುಬ್ಬಿದ ಖಾರದಲ್ಲಿ: ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆಹಣ್ಣು, ಉಪ್ಪು. ಬಿಸಿ ಮುದ್ದೆಯ ಸುತ್ತ ಕಟ್ಟು ಹುಯ್ದು, ತಟ್ಟೆಯಂಚಿನಲ್ಲಿ ಒಂದು ಚಿಟಿಕೆ ಖಾರ ಇಡುತ್ತಾರೆ. ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರ ಇಷ್ಟ. ಬಸಿದ ಸೊಪ್ಪು, ಕಾಳು ಈರುಳ್ಳಿ ಒಗ್ಗರಣೆ, ಕಾಯಿತುರಿ ಸೇರಿ ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಎರಡೂ ಹೊರಡುವ ಈ ಅಡುಗೆಯಲ್ಲಿ ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಮಳೆ ನಂಬಿ ಬದುಕಿದ ಹೆಣ್ಣುಮಕ್ಕಳ ಜಾಣ್ಮೆ ಇದು. ಚಳಿಗಾಲದಲ್ಲಿ ಬಂದರೆ ಅವರೆಕಾಳಿನ ಸೊಗಡು ಇದಕ್ಕೆ ಸೇರುತ್ತದೆ.

ಹೊಲಗಳಲ್ಲಿ ಕಾಣುವುದು ಅರಿಸಿನ, ಬಾಳೆ, ಸೂರ್ಯಕಾಂತಿ, ಸಣ್ಣ ಈರುಳ್ಳಿ. ಅಗೆದ ಅರಿಸಿನವನ್ನು ಬೇಯಿಸಿ, ಕಣದಲ್ಲಿ ಹರಡಿ ಒಣಗಿಸಿ, ಪಾಲಿಶ್ ಮಾಡಿದ ಮೇಲೆ ಅದು ಮಾರುಕಟ್ಟೆಗೆ ಸಿದ್ಧ. ಬಹುಪಾಲು ಹೋಗುವುದು ಪುಣಜನೂರು ದಾರಿ ಹಿಡಿದು ಈರೋಡಿಗೆ.

ಪುಣಜನೂರಿನ ಕಾಡು

ಚಾಮರಾಜನಗರದಿಂದ ಹೊರಟು ಜಲಾಶಯ ದಾಟಿದ ಮೇಲೆ ಹೊಲಗಳು ಹಿಂದೆ ಸರಿದು ಕಾಡು ರಸ್ತೆಯ ಎರಡೂ ಬದಿಗೆ ಬರುತ್ತದೆ. ಪುಣಜನೂರು ಬಿಳಿಗಿರಿ ರಂಗನಾಥಸ್ವಾಮಿ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಈ ಕಾಡು ಗಡಿಯಾಚೆಯ ಸತ್ಯಮಂಗಲ ಕಾಡಿಗೆ ಹೊಂದಿಕೊಂಡಿದೆ. ಆನೆಗಳಿಗೆ ರಾಜ್ಯದ ಗಡಿ ತಿಳಿಯದು. ಹಾಸನೂರಿನ ಕಡೆ ಕಬ್ಬಿನ ಲಾರಿಗಳನ್ನು ಕಾದು ನಿಂತು ಜಲ್ಲೆ ಎಳೆದುಕೊಳ್ಳುವ ಆನೆಗಳ ಸುದ್ದಿ ಆಗಾಗ ಬರುತ್ತದೆ. ಗಡಿ ದಾಟಿದರೂ ಕಿವಿಗೆ ಬೀಳುವುದು ಕನ್ನಡವೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಆಚೆ, ತಾಳವಾಡಿ ಸೀಮೆಯಲ್ಲಿ.

ಈ ಕಾಡಿನ ಮೂಲ ಒಡೆಯರು ಸೋಲಿಗರು. ಬೆಟ್ಟದ ದೇವರು ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಕಥೆ ಅವರ ಹಾಡುಗಳಲ್ಲಿದೆ. ಹಾಗಾಗಿ ದೇವರು ಅವರಿಗೆ ಭಾವ. ಹೆಜ್ಜೇನು, ತುಡುವೆ, ಕೋಲುಜೇನು, ನಸರು ಜೇನು, ಒಂದೊಂದರ ಹೂವು, ಕಾಲ, ರುಚಿ ಅವರಿಗೆ ಗೊತ್ತು. ಎತ್ತರದ ಮರ ಹತ್ತಿ ಹೆಜ್ಜೇನು ಇಳಿಸುವಾಗ ಹುಳಕ್ಕೆಂದು ಒಂದು ಪಾಲನ್ನು ಬಿಟ್ಟು ಬರುವುದು ಅವರ ಪದ್ಧತಿ. 2011ರಲ್ಲಿ ಇಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡನ್ನು ಕಾಯಲು ಕಾಡಿನ ಜನರನ್ನು ಹೊರಗೆ ಕಳಿಸಬೇಕಿಲ್ಲ ಎಂಬುದಕ್ಕೆ ಈ ಬೆಟ್ಟಗಳೇ ಸಾಕ್ಷಿ.

ಬೆಟ್ಟದ ಕಾಫಿಯನ್ನೂ ಮರೆಯುವಂತಿಲ್ಲ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಎಬ್ಬಿಸಿದ ತೋಟಗಳಲ್ಲಿ ಹೊನ್ನಮೇಟಿ ಹೆಸರಾದದ್ದು. ಈಗ ಸೋಲಿಗರೂ ಮರದ ನೆರಳಲ್ಲಿ ಕಾಫಿ ಬೆಳೆಯುತ್ತಾರೆ.

ಹೋಗುವವರಿಗೆ

ಮೈಸೂರಿನಿಂದ ರೈಲಿನಲ್ಲಿ ಬರುವುದು ಚೆನ್ನ. ಬೆಳಿಗ್ಗೆ ದೇವಾಲಯ, ಜನನ ಮಂಟಪ, ಬಸದಿ ನೋಡಿ, ಮಧ್ಯಾಹ್ನ ಮುದ್ದೆ ಉಂಡು, ಹೊತ್ತಿರುವಾಗಲೇ ಪುಣಜನೂರಿನ ದಾರಿ ಹಿಡಿಯಿರಿ. ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಅದು ಪ್ರಾಣಿಗಳ ಜೀವ ಉಳಿಸಲು ಹಾಕಿದ್ದು, ಗೌರವಿಸಿ. ಕಾಡಿನ ನಡುವೆ ವಾಹನ ನಿಲ್ಲಿಸಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ. ಜೇನು, ಕಾಫಿ ಕೊಳ್ಳುವುದಾದರೆ ಸೋಲಿಗರ ಸಹಕಾರ ಸಂಘಗಳಲ್ಲೇ ಕೊಳ್ಳಿ. ಕೊಟ್ಟ ದುಡ್ಡು ಮರ ಹತ್ತಿದವರ ಕೈಗೆ ಸೇರುತ್ತದೆ. ನಮ್ಮ ಜಿಲ್ಲೆಯನ್ನು ಹಿಂದುಳಿದದ್ದೆಂದು ಕರೆಯುವವರು ಒಮ್ಮೆ ಹೀಗೆ ಬಂದು, ಉಂಡು, ಕೊಂಡು ಹೋದರೆ ಆ ಮಾತನ್ನು ತಾವೇ ತಿದ್ದಿಕೊಳ್ಳುತ್ತಾರೆ.