ನರ್ತನಶಾಲೆಯೇ ಭೋಜನಶಾಲೆ: ಲಲಿತಮಹಲ್ ಸಾಗಿಬಂದ ಹಾದಿ

ಮೈಸೂರು: ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಲಲಿತಮಹಲ್ ಅರಮನೆ ವೈಸ್‌ರಾಯ್ ವಾಸ್ತವ್ಯಕ್ಕೆಂದೇ ನಿರ್ಮಾಣಗೊಂಡದ್ದು. ಅದರ ಊಟದ ಮೇಜು ಜನಸಾಮಾನ್ಯರಿಗೆ ದಕ್ಕಲು ಅರ್ಧ ಶತಮಾನವೇ ಬೇಕಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1921ರ ನವೆಂಬರ್ 18ರಂದು ಇದಕ್ಕೆ ಶಂಕುಸ್ಥಾಪನೆ ನೆರವೇರಿಸಿದರು. ಇ.ಡಬ್ಲ್ಯು. ಫ್ರಿಚ್ಲಿ ಇದರ ವಾಸ್ತುಶಿಲ್ಪಿ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಗುಮ್ಮಟಕ್ಕೆ ಸ್ಫೂರ್ತಿ. ಆಚಾರನಿಷ್ಠರಾಗಿದ್ದ ಮಹಾರಾಜರು ಐರೋಪ್ಯ ಅತಿಥಿಗಳೊಂದಿಗೆ ಸಹಪಂಕ್ತಿಯಲ್ಲಿ ಭೋಜನ ಮಾಡುತ್ತಿರಲಿಲ್ಲ. ಹೀಗಾಗಿ ವಿದೇಶಿ ಶೈಲಿಯ ಅಡುಗೆ, ಆತಿಥ್ಯಗಳಿಗೆ ಪ್ರತ್ಯೇಕ ವ್ಯವಸ್ಥೆ ಅನಿವಾರ್ಯವಾಗಿತ್ತು.

ಅರಸರ ಅಡುಗೆ ಸಾರ್ವಜನಿಕರಿಗೆ ತೆರೆದುಕೊಂಡ ಪರಿಪಾಠಕ್ಕೆ ಪ್ಯಾರಿಸ್ ಮಾದರಿಯಾಗಿತ್ತು. ಫ್ರಾನ್ಸ್ ರಾಜಕುಮಾರನೊಬ್ಬನ ಬಳಿ ಬಾಣಸಿಗನಾಗಿದ್ದ ಆಂತ್ವಾನ್ ಬೋವಿಲಿಯೆ 1780ರ ದಶಕದಲ್ಲಿ ಅಲ್ಲಿ ವೈಭವದ ರೆಸ್ಟೋರೆಂಟ್ ತೆರೆದನು. ಹಣ ತೆತ್ತವರಿಗೆ ರಾಜಭೋಜನ ಲಭಿಸಿತು.

ಮೈಸೂರಿನಲ್ಲಿ ಆ ಬದಲಾವಣೆ ತಡವಾಗಿ ಬಂದಿತು. 1971ರಲ್ಲಿ ಮಾಜಿ ಅರಸರ ರಾಜಧನ ರದ್ದಾಯಿತು. 1974ರಲ್ಲಿ ಲಲಿತಮಹಲ್ ಹೋಟೆಲ್ ಆಯಿತು. ಭಾರತೀಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಅದನ್ನು ನಡೆಸಿತು. ಬಣ್ಣದ ಗಾಜಿನ ಗುಮ್ಮಟಗಳ ಕೆಳಗಿನ ನರ್ತನಶಾಲೆಯೇ ಭೋಜನಶಾಲೆಯಾಗಿ ಮಾರ್ಪಟ್ಟಿತು. 2018ರಲ್ಲಿ ಹೋಟೆಲ್ ರಾಜ್ಯ ಸರ್ಕಾರಕ್ಕೆ ಹಸ್ತಾಂತರಗೊಂಡಿತು.

ಒಂದು ಕಾಲಕ್ಕೆ ಪದವಿ ನೋಡಿ ತೆರೆಯುತ್ತಿದ್ದ ಬಾಗಿಲನ್ನು ನಂತರ ತೆರೆದದ್ದು ಊಟದ ಬಿಲ್ಲು.