ಮರಿಯನ್ನು ಕುಕ್ಕುವ ಹೇಟೆ

ಕೋಳಿ ತುಳಿದರೆ ಮರಿ ಸಾಯುವುದೇ ಎಂದು ನಮ್ಮ ಸೀಮೆಯಲ್ಲಿ ಕೇಳುವುದುಂಟು. ತುಳಿತದ ವಿಷಯದಲ್ಲಿ ಆ ಮಾತು ದಿಟವಿರಬಹುದು; ಕೊಕ್ಕಿನ ವಿಷಯದಲ್ಲಿ ದಿಟವಲ್ಲವೆಂಬುದನ್ನು ನಾವು ಕಳೆದ ಧನುರ್ಮಾಸದಲ್ಲಿ ಕಣ್ಣಾರೆ ಕಂಡೆವು.

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಶಿಡ್ಲಘಟ್ಟಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ನೆಲಸಿದ್ದೇವೆ. ನೆರೆಮನೆಯವರು ರೇಷ್ಮೆಹುಳು ಸಾಕುವವರು; ಹಿತ್ತಲಲ್ಲಿ ನಾಲ್ಕಾರು ನಾಟಿಕೋಳಿಗಳೂ ಉಂಟು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೇಟೆ ಸಾಮಾನ್ಯವಾಗಿ ಕಾವಿಗೆ ಕೂರದಾದುದರಿಂದ ಅದರ ಮೊಟ್ಟೆಗೂ ನಾಟಿಹೇಟೆಯ ಒಡಲೇ ಗತಿ. ಆ ಮನೆಯಾಕೆ ಹಣಕೊಟ್ಟು ತಂದ 11 ಮೊಟ್ಟೆಗಳನ್ನು, ಮೊದಲ ಸಲ ಕಾವಿಗೆ ಬಂದ ಹೇಟೆಯೊಂದರ ಕೆಳಗೆ ಇಟ್ಟಿದ್ದರು.

21ನೆಯ ದಿನ ಬೆಳಗಿನ ಜಾವದಲ್ಲಿ, “ಮೇಷ್ಟ್ರೇ, ಹೇಟೆ ಮರೀನೇ ಕುಕ್ಕಿ ಕೊಲ್ತಾ ಅದೆ, ಬನ್ನಿ” ಎಂಬ ಕೂಗು ಕೇಳಿಸಿತು. ಕೋಳಿಯ ವಿಷಯದಲ್ಲಿ ನಮ್ಮ ಪಾಂಡಿತ್ಯವು ಕುಕ್ಕುಟ, ತಾಮ್ರಚೂಡ, ಚರಣಾಯುಧ ಎಂದು ಪರ್ಯಾಯಪದಗಳನ್ನು ಒಪ್ಪಿಸುವಷ್ಟರದು. ಆದರೂ ಹೋದೆವು. ಎರಡು ಮರಿಗಳು ನೆತ್ತಿಯೊಡೆದು ಸತ್ತಿದ್ದವು. ಮೂರನೆಯದು ಒದ್ದೆಮೈಯಲ್ಲಿ ಗೂಡಿನ ಮೂಲೆ ಸೇರಿ ಕೂಗುತ್ತಿದ್ದಿತು.

ಚಿಂತಾಮಣಿಯ ಕಡೆಯವರಾದ ಆ ಮನೆಯ ಅತ್ತೆಯವರು ಮಾತಿಲ್ಲದೆ ಕೈಹಾಕಿ ಆ ಮರಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಇಂಥಲ್ಲಿ ಮೊದಲು ಮಾಡತಕ್ಕದ್ದು ಇದೇ. ತಾಯಿ ತಿಳಿದುಕೊಂಡೀತೆಂದು ಕಾದರೆ ಮರಿ ಉಳಿಯದು. ಹೇಟೆಯು ಮೊಟ್ಟೆಗಳ ಮೇಲೆ ಶಾಂತವಾಗಿ ಕೂತಿದ್ದರೆ ಅದನ್ನು ಎಬ್ಬಿಸಬೇಕಾಗಿಲ್ಲ. ಒಂದೊಂದು ಮರಿಯೂ ಹೊರಬಂದಂತೆ ತೆಗೆಯುತ್ತ ಹೋದರಾಯಿತು. ಒಡೆಯುತ್ತಿರುವ ಮೊಟ್ಟೆಯನ್ನೇ ಕುಕ್ಕತೊಡಗಿದರೆ ಮಾತ್ರ ಉಳಿದುವನ್ನು ಕಾವಿನಲ್ಲಿರುವ ಬೇರೊಂದು ಹೇಟೆಯ ಕೆಳಗೆ ಸೇರಿಸಬೇಕು.

ಇಲ್ಲಿ ನಾವು ಒಂದು ತಪ್ಪನ್ನು ಮಾಡಲಿದ್ದೆವು. ಚಿಪ್ಪಿನಲ್ಲಿ ತೂತು ಬಿದ್ದು ಬಹಳ ಹೊತ್ತಾದರೂ ಮರಿ ಬರಲಿಲ್ಲವೆಂದು ಉಗುರಿನಿಂದ ಚಿಪ್ಪನ್ನು ಬಿಡಿಸಹೊರಟೆವು. ಅತ್ತೆಯವರು ಕೈ ತಡೆದರು. ಗೌರಿಬಿದನೂರಿನಲ್ಲಿ ಪಶುವೈದ್ಯನಾಗಿರುವ ನಮ್ಮ ಹಳೆಯ ಶಿಷ್ಯನು ದೂರವಾಣಿಯಲ್ಲಿ ಕಾರಣವನ್ನು ಹೇಳಿದನು: ತೂತು ಬಿದ್ದ ಮೇಲೆ 12ರಿಂದ 24 ಗಂಟೆ ಹಿಡಿಯುವುದು ಸಹಜ, ಆ ಹೊತ್ತಿನಲ್ಲಿ ಪೊರೆಯ ರಕ್ತನಾಳಗಳು ಬತ್ತಿ, ಹಳದಿ ಭಂಡಾರವು ಮರಿಯ ಹೊಟ್ಟೆಯೊಳಕ್ಕೆ ಸೇರುತ್ತದೆ, ಆತುರಪಟ್ಟು ಬಿಡಿಸಿದರೆ ರಕ್ತ ಸುರಿದು ಮರಿ ಸಾಯುವುದು. ಹಕ್ಕಿಗೆ ದ್ವಿಜವೆಂದು ಹೆಸರೇಕೆಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾವು ಆ ಎರಡನೆಯ ಜನ್ಮವನ್ನು ನೋಡಿದ್ದು ಅಂದೇ ಮೊದಲು.

ಹೊರಬಂದ ಮರಿಗೆ ಬೇಕಾದುದು ಆಹಾರವಲ್ಲ, ಬಿಸುಪು. ಹೊಟ್ಟೆ ಸೇರಿದ ಹಳದಿಯೇ ಅದನ್ನು ಎರಡು ದಿನ ಸಲಹಬಲ್ಲದು. ಮಂಕರಿಯಲ್ಲಿ ಭತ್ತದ ಹೊಟ್ಟನ್ನು ಹಾಸಿ, ಅದರ ಮೇಲೆ ಒರಟು ಬಟ್ಟೆ ಹರಡಿ, ಒಂದು ಪಕ್ಕಕ್ಕೆ ವಿದ್ಯುದ್ದೀಪವನ್ನು ಬಟ್ಟೆಗೂ ಹೊಟ್ಟಿಗೂ ತಗುಲದಂತೆ ಭದ್ರವಾಗಿ ತೂಗುಹಾಕಿದೆವು. ಹುಳುಮನೆಯ ಉಷ್ಣಮಾಪಕ ಒದಗಿಬಂತು. ಆದರೆ ಹುಳುವಿಗೆ ಹಿತವಾದ 27 ಡಿಗ್ರಿ ಮರಿಗೆ ಸಾಲದು. ಮೊದಲ ವಾರ 35 ಡಿಗ್ರಿ ಬೇಕು, ಆ ಮೇಲೆ ವಾರಕ್ಕೆ ಮೂರರಂತೆ ಇಳಿಸಬಹುದು. ಮಾಪಕವಿಲ್ಲದವರಿಗೆ ಮರಿಗಳೇ ಮಾಪಕ: ದೀಪದಡಿ ಒತ್ತೊತ್ತಾಗಿ ಸೇರಿ ಅರಚಿದರೆ ಚಳಿ, ದೂರ ಸರಿದು ಬಾಯ್ತೆರೆದರೆ ಸೆಕೆ. ಚಿಕ್ಕಬಳ್ಳಾಪುರದ ಬೆಟ್ಟಗಳ ಕಡೆಯಿಂದ ಬೀಸುವ ಆ ತಿಂಗಳ ಗಾಳಿಗೆ ನಮಗೇ ಕಂಬಳಿ ಬೇಕು. ಮಂಕರಿಯನ್ನು ಒಳಮನೆಯಲ್ಲಿಯೇ ಇಟ್ಟೆವು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಂತೆ ಬೆಣಚುಕಲ್ಲುಗಳನ್ನು ತುಂಬಿದೆವು. ಗಾಯವಾದ ಮರಿಯನ್ನು ಬೇರೆಯಿಟ್ಟೆವು. ರಕ್ತ ಕಂಡಲ್ಲಿ ಉಳಿದ ಮರಿಗಳೂ ಕುಕ್ಕುತ್ತವೆ.

ತಾಯಿಯೇ ಹೀಗೆ ಮಾಡುವುದೇಕೆ? ನೋಡಿದವರು ಪಾಪಿಷ್ಠ ಕೋಳಿಯೆಂದರು. ನಮಗೆ ಹಾಗೆನ್ನಲು ಮನಸ್ಸು ಬಾರದು. ವುಲ್ಫ್‌ಗಾಂಗ್ ಶ್ಲೈಟ್ ಎಂಬ ವಿಜ್ಞಾನಿಯೂ ಸಂಗಡಿಗರೂ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಿವಿ ಕೇಳದಂತಾದ ಟರ್ಕಿಕೋಳಿಗಳು ತಮ್ಮ ಮರಿಗಳನ್ನೇ ಕೊಂದುಹಾಕಿದುವು. ಅಂದರೆ ಆ ತಾಯಿಗೆ ಮರಿಯ ಗುರುತು ರೂಪದಿಂದಲ್ಲ, ದನಿಯಿಂದ. ಆ ದನಿ ಕಿವಿಗೆ ಬೀಳದಿದ್ದರೆ ಗೂಡಿನಲ್ಲಿ ಅಲುಗುವುದೆಲ್ಲವೂ ಶತ್ರುವೇ. ನಮ್ಮ ಹೇಟೆ ಕಿವುಡಲ್ಲ. ಆದರೆ ಅದಕ್ಕೆ ಚೊಚ್ಚಲು ಕಾವು, ಮೈತುಂಬ ಹೇನು, ಹಿಂದಿನ ರಾತ್ರಿಯೆಲ್ಲ ನಾಯಿಗಳ ಗಲಭೆ ಬೇರೆ.

ಎರಡನೆಯ ರಾತ್ರಿ ಕತ್ತಲಲ್ಲಿ, ಒಣಗಿ ಚುರುಕಾಗಿದ್ದ ಒಂದು ಮರಿಯನ್ನು ಅದರ ರೆಕ್ಕೆಯಡಿಗೆ ಮೆಲ್ಲನೆ ಸರಿಸಿದೆವು. ಕೆಲವು ಹೇಟೆಗಳು ಹೀಗೆ ಒಪ್ಪಿಕೊಳ್ಳುತ್ತವೆ. ಬೆಳಕು ಹರಿಯುವ ಮುಂಚೆಯೇ ಎದ್ದು ಕಾವಲು ಕೂತದ್ದು ಒಳ್ಳೆಯದಾಯಿತು: ಕಣ್ಣಿಗೆ ಬೀಳುತ್ತಲೇ ಕೊಕ್ಕೆತ್ತಿತು. ಮರಿಯನ್ನು ತೆಗೆದುಬಿಟ್ಟೆವು, ಮತ್ತೆ ಪರೀಕ್ಷಿಸಲಿಲ್ಲ. ಹನ್ನೊಂದರಲ್ಲಿ ಎರಡು ಮೊಟ್ಟೆ ಒಡೆಯಲೇ ಇಲ್ಲ. ಗಾಯದ ಮರಿಯೊಂದು ಮೂರನೆಯ ದಿನ ಸತ್ತಿತು. ಆರು ಉಳಿದುವು.

ಯುಗಾದಿಗೆ ಮುಂಚೆ ಅದೇ ಹೇಟೆ ಮತ್ತೆ ಕಾವಿಗೆ ಬಂತು. ಸಾರಿಗೆ ಹಾಕಿಬಿಡಿ ಎಂದವರುಂಟು. ಅತ್ತೆಯವರು ಕೇಳಲಿಲ್ಲ. ಹೇನು ಬಿಡಿಸಿ, ಗೂಡಿನ ಹುಲ್ಲನ್ನೆಲ್ಲ ಸುಟ್ಟು ಹೊಸದನ್ನು ಹಾಸಿ, ನಾಯಿ ಸುಳಿಯದ ಮೂಲೆಯಲ್ಲಿ ಮೂರೇ ಮೊಟ್ಟೆಗಳನ್ನಿಟ್ಟರು. ಒಡೆಯುವ ದಿನ ದೀಪವನ್ನೂ ಮಂಕರಿಯನ್ನೂ ಪಕ್ಕದಲ್ಲಿಟ್ಟುಕೊಂಡು ರಾತ್ರಿಯೆಲ್ಲ ಕಾದರು. ಮಂಕರಿ ಬೇಕಾಗಲಿಲ್ಲ.